ಸರ್ವರ್‌ಗೆ ಫೈಲ್ ಹಾಕಿದರೆ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ, ಎಲ್ಲಿಂದ ಹುಡುಕೋದು?

ಫೋಟೊಸರ್ವರ್:
ಡೆಬಿಯನ್ 12 ಲಿನಕ್ಸ್, ಸಾಂಬಾ (ವಿಂಡೋಸ್ ಪಿಸಿಗಳಿಗೆ ಫೈಲ್ ಹಂಚುವ ತಂತ್ರಾಂಶ), 16 ಜಿಬಿ ರ‍್ಯಾಮ್. 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್, ರೇಡ್ ಕಾರ್ಡ್ ಮೇಲೆ ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ). ಸ್ವಿಚ್ 24 ಪೋರ್ಟಿನ ಗಿಗಾಬಿಟ್, ಮ್ಯಾನೇಜ್ಡ್. ಈ ಕಡೆ ಒಂಬತ್ತು ವಿಂಡೋಸ್ 11 ಪಿಸಿ, ಒಂದು ಉಬುಂಟು ಲ್ಯಾಪ್‌ಟಾಪ್. ಯಾವ ಪಿಸಿಯಿಂದ ದೊಡ್ಡ ವಿಡಿಯೊ ಫೈಲ್ ಕಾಪಿ ಮಾಡಿದರೂ ವಿಂಡೋಸ್ ತೋರಿಸುವುದು ಸೆಕೆಂಡಿಗೆ 11.2 ಎಂಬಿ. ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಇಳಿಯಲ್ಲ. ಪಿಂಗ್ 0.5 ಮಿಲಿಸೆಕೆಂಡ್, ಒಂದೂ ಬಿಟ್ಟುಹೋಗುತ್ತಿಲ್ಲ. ಎಲ್ಲೋ ನೋಡಿ ಸಾಂಬಾ ಕಾನ್ಫಿಗ್‌ನಲ್ಲಿ ಸಾಕೆಟ್ ಆಪ್ಷನ್ಸ್ ಸಾಲಿಗೆ ರಿಸೀವ್ ಬಫರ್ 8192, ಸೆಂಡ್ ಬಫರ್ 8192 ಎಂದು ಸೇರಿಸಿದೆ. ಏನೂ ಬದಲಾಗಲಿಲ್ಲ. ಮುಂದೇನು ನೋಡಲಿ?

ಪ್ಯಾಕೆಟ್‌ಪತ್ತೆ:
ಸರ್, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. 11.2 ಅಂದರೆ 100 ಮೆಗಾಬಿಟ್ ಲಿಂಕ್.

ಲೆಕ್ಕ ನೋಡಿ. 1500 ಬೈಟಿನ ಒಂದು ಪ್ಯಾಕೆಟ್ ತಂತಿಯ ಮೇಲೆ ಹೋಗುವಾಗ ಈಥರ್ನೆಟ್ ಹೆಡರ್, ಚೆಕ್‌ಸಮ್, ಪ್ರಿಯಾಂಬಲ್, ನಡುವಿನ ತೆರಪು ಎಲ್ಲ ಸೇರಿ 1538 ಬೈಟ್‌ನಷ್ಟು ಜಾಗ ಹಿಡಿಯುತ್ತದೆ. ಅದರಲ್ಲಿ ನಿಮ್ಮ ಫೈಲಿನ ಪಾಲು 1448. ಅಂದರೆ ಶೇಕಡಾ 94. 100 ಮೆಗಾಬಿಟ್ ಲಿಂಕ್‌ನಲ್ಲಿ 94 ಮೆಗಾಬಿಟ್ ಸಿಗುತ್ತದೆ. ಎಂಟರಿಂದ ಭಾಗಿಸಿ, ವಿಂಡೋಸ್‌ನ 1024ರ ಲೆಕ್ಕಕ್ಕೆ ತಂದರೆ ಸರಿಯಾಗಿ 11.2. ಗಿಗಾಬಿಟ್ ಆಗಿದ್ದರೆ ಇದೇ ಲೆಕ್ಕದಲ್ಲಿ 112 ಬರಬೇಕು. ಎಲ್ಲಾ ಪಿಸಿಗೂ ಇದೇ ಅಂಕಿ ಬರುತ್ತಿರುವುದರಿಂದ ದೋಷ ಪಿಸಿಗಳ ಕಡೆ ಇಲ್ಲ, ಸರ್ವರ್‌ನಿಂದ ಸ್ವಿಚ್‌ವರೆಗಿನ ತುಂಡಿನಲ್ಲಿದೆ.

ಸರ್ವರ್‌ನಲ್ಲಿ ಈಥ್‌ಟೂಲ್ (ನೆಟ್‌ವರ್ಕ್ ಕಾರ್ಡ್‌ನ ಸ್ಥಿತಿ ತೋರಿಸುವ ಕಮಾಂಡ್) ಬರೆದು ಇಂಟರ್‌ಫೇಸ್ ಹೆಸರು ಕೊಡಿ. ಸ್ಪೀಡ್, ಡ್ಯುಪ್ಲೆಕ್ಸ್ (ಎರಡೂ ದಿಕ್ಕಿಗೆ ಒಟ್ಟಿಗೆ ಹೋದರೆ ಫುಲ್, ಸರದಿಯಲ್ಲಾದರೆ ಹಾಫ್), ಲಿಂಕ್ ಪಾರ್ಟ್‌ನರ್ (ಎದುರಿನ ತುದಿ) ಈ ಮೂರು ಸಾಲು ಇಲ್ಲಿ ಹಾಕಿ.

ಆ ಸಾಕೆಟ್ ಆಪ್ಷನ್ಸ್ ಸಾಲನ್ನು ಈಗಲೇ ಅಳಿಸಿ. ಅದು ಇಪ್ಪತ್ತು ವರ್ಷ ಹಳೆಯ ಸಲಹೆ. ಲಿನಕ್ಸ್ ಕರ್ನಲ್ ಬಫರನ್ನು ತಾನೇ ಬೇಕಾದಷ್ಟು ಹಿಗ್ಗಿಸಿಕೊಳ್ಳುತ್ತದೆ. ನೀವು ಒಂದು ಅಂಕಿ ಬರೆದ ಕೂಡಲೇ ಹಿಗ್ಗುವುದು ನಿಲ್ಲುತ್ತದೆ. ಈಗ 100ರ ಲಿಂಕ್ ಅದನ್ನು ಮುಚ್ಚಿಟ್ಟಿದೆ ಅಷ್ಟೆ. ಲಿಂಕ್ ಸರಿಯಾದ ಮೇಲೆ ಅಲ್ಲೇ ಎಡವುತ್ತೀರಿ.

ಫೋಟೊಸರ್ವರ್:
ಆ ಸಾಲು ಅಳಿಸಿ ಸಾಂಬಾ ಮರುಚಾಲನೆ ಮಾಡಿದೆ. ಈಥ್‌ಟೂಲ್ ಹೇಳುತ್ತಿರುವುದು: ಸ್ಪೀಡ್ 100, ಡ್ಯುಪ್ಲೆಕ್ಸ್ ಫುಲ್, ಆಟೊ ನೆಗೋಷಿಯೇಶನ್ (ಎರಡೂ ತುದಿ ತಾವೇ ಮಾತಾಡಿ ವೇಗ ಒಪ್ಪಿಕೊಳ್ಳುವುದು) ಆನ್. ಆದರೆ ಲಿಂಕ್ ಪಾರ್ಟ್‌ನರ್ ಪಟ್ಟಿಯಲ್ಲಿ 1000 ಫುಲ್ ಕೂಡ ಇದೆ. ಎರಡೂ ಕಡೆ ಗಿಗಾಬಿಟ್ ಬರುತ್ತೆ ಅಂತ ಒಪ್ಪಿಕೊಂಡಿದ್ದರೂ 100ಕ್ಕೆ ಯಾಕೆ ನಿಂತಿದೆ? ಈಥ್‌ಟೂಲ್‌ನಿಂದಲೇ 1000 ಎಂದು ಬಲವಂತ ಮಾಡಬಹುದೆ?

ತಂತಿಜಾಡು:
ಬಲವಂತ ಮಾಡಬೇಡಿ. ತಾಮ್ರದ ಮೇಲಿನ ಗಿಗಾಬಿಟ್‌ಗೆ ಆಟೊ ನೆಗೋಷಿಯೇಶನ್ ಇರಲೇಬೇಕು, ಅದು ಸ್ಟ್ಯಾಂಡರ್ಡ್‌ನ ನಿಯಮ. ಒಂದು ಕಡೆ ಆಟೊ ತೆಗೆದು 100 ಫುಲ್ ಎಂದು ಕೂರಿಸಿದರೆ ಇನ್ನೂ ಕೆಟ್ಟದ್ದಾಗುತ್ತದೆ. ಎದುರಿನ ಪೋರ್ಟ್‌ಗೆ ಡ್ಯುಪ್ಲೆಕ್ಸ್ ಗೊತ್ತಾಗದೆ ಹಾಫ್‌ಗೆ ಇಳಿಯುತ್ತದೆ. ಆಮೇಲೆ ಒಂದು ಕಡೆ ಲೇಟ್ ಕೊಲಿಷನ್ (ತಡವಾಗಿ ಆಗುವ ಡಿಕ್ಕಿ), ಇನ್ನೊಂದು ಕಡೆ ಸಿಆರ್‌ಸಿ ದೋಷ (ಚೆಕ್‌ಸಮ್ ತಾಳೆಯಾಗದ ಪ್ಯಾಕೆಟ್), ವೇಗ ಒಂದೆರಡು ಎಂಬಿ. ಪಿಂಗ್ ಮಾತ್ರ ಚೆನ್ನಾಗೇ ಇರುತ್ತದೆ.

ನಿಮ್ಮದು ಕೇಬಲ್ ದೋಷ. 100 ಮೆಗಾಬಿಟ್‌ಗೆ ಎರಡೇ ಜೋಡಿ ತಂತಿ ಸಾಕು: 1-2 ಮತ್ತು 3-6ನೇ ಪಿನ್. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ‘ನಿನಗೆಷ್ಟು ಬರುತ್ತೆ’ ಎಂಬ ಮಾತುಕತೆ ನಡೆಯುವುದು ಆ ಮೊದಲ ಎರಡು ಜೋಡಿಯ ಮೇಲೆ. ಹಾಗಾಗಿ ಎರಡೂ ಕಡೆ 1000 ಎಂದು ಒಪ್ಪುತ್ತವೆ. ನಿಜವಾಗಿ ನಾಲ್ಕು ಜೋಡಿಯಲ್ಲಿ ಓಡಿಸಲು ಹೋದಾಗ 4-5 ಅಥವಾ 7-8 ಕಡಿದಿದ್ದರೆ ಕೆಲವು ಸಲ ಪ್ರಯತ್ನಿಸಿ 100ಕ್ಕೆ ಇಳಿಯುತ್ತವೆ. ಇದಕ್ಕೆ ಡೌನ್‌ಶಿಫ್ಟ್ ಎನ್ನುತ್ತಾರೆ. ಡಿಮೆಸೆಜ್‌ನಲ್ಲಿ (ಕರ್ನಲ್‌ನ ಸಂದೇಶಗಳ ಪಟ್ಟಿ) ಹುಡುಕಿ. ಕೆಲವು ಡ್ರೈವರ್‌ಗಳು ಡೌನ್‌ಶಿಫ್ಟ್ ಆಗಿದೆ, ಕೇಬಲ್ ನೋಡಿ ಎಂದು ನೇರವಾಗಿಯೇ ಬರೆದಿರುತ್ತವೆ.

ಮೊದಲು ಸ್ವಿಚ್ ಪಕ್ಕದಲ್ಲೇ ಒಂದು ಅಚ್ಚುಕಟ್ಟಾದ ಸಿದ್ಧ ಪ್ಯಾಚ್ ಕೇಬಲ್‌ನಿಂದ ಲ್ಯಾಪ್‌ಟಾಪ್ ಸಿಕ್ಕಿಸಿ, ಸರ್ವರ್‌ನ ಕೇಬಲ್ ಇದ್ದ ಅದೇ ಪೋರ್ಟ್‌ಗೆ 1000 ಬರುತ್ತದಾ ನೋಡಿ. ಬಂದರೆ ಗೋಡೆಯ ಕೇಬಲ್ಲೇ ಕಾರಣ. ಎರಡೂ ತುದಿಯ ಪ್ಲಗ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಹೊಸ ಪ್ಲಗ್ ಕೂರಿಸಿ). ಪ್ಲಗ್‌ನ ಕೊಂಡಿ ಕೆಳಗೆ ಬರುವಂತೆ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯನ್ನು ನಡುವೆ ಬಿಟ್ಟು 3 ಮತ್ತು 6ಕ್ಕೆ ಹೋಗುವುದನ್ನು ಗಮನಿಸಿ. ಬಹಳ ಜನ ‘ಎರಡೂ ಕಡೆ ಒಂದೇ ಥರ ಇದ್ದರೆ ಆಯ್ತಲ್ಲ’ ಎಂದು ಬಣ್ಣಗಳನ್ನು ಜೋಡಿ ಜೋಡಿಯಾಗಿ ಸಾಲಾಗಿ ಜೋಡಿಸಿಬಿಡುತ್ತಾರೆ. ಆಗ 3-6ಕ್ಕೆ ಎರಡು ಬೇರೆ ಬೇರೆ ಜೋಡಿಯ ತಂತಿ ಸೇರುತ್ತದೆ. ಹೆಣಿಗೆಯ ಉಪಯೋಗವೇ ಹೋಗುತ್ತದೆ. ಅಗ್ಗದ ಎಂಟು ದೀಪದ ಟೆಸ್ಟರ್‌ನಲ್ಲಿ ಎಂಟೂ ದೀಪ ಕ್ರಮವಾಗಿ ಉರಿಯುತ್ತವೆ, ಲಿಂಕ್ ಮಾತ್ರ ನಿಲ್ಲುವುದಿಲ್ಲ. ಆ ಟೆಸ್ಟರ್ ತಂತಿ ಮುಟ್ಟಿದೆಯೇ ಎಂದಷ್ಟೇ ಹೇಳುತ್ತದೆ.

ಹೆಣಿಗೆ ಬಿಚ್ಚುವುದು 13 ಮಿಲಿಮೀಟರ್ ಮೀರಬಾರದು. ಹೊರಗಿನ ಸಿಪ್ಪೆ ಪ್ಲಗ್‌ನ ಒಳಗೆ ಹೋಗಿ ಕ್ರಿಂಪ್‌ನ ಹಲ್ಲು ಅದನ್ನೇ ಕಚ್ಚಬೇಕು. ತಂತಿಗಳು ಮಾತ್ರ ಒಳಗಿದ್ದು ಸಿಪ್ಪೆ ಹೊರಗೆ ನಿಂತರೆ ಆರು ತಿಂಗಳಿಗೆ ಮತ್ತೆ ಇದೇ ಕಥೆ.

ಫೋಟೊಸರ್ವರ್:
ಸ್ವಿಚ್ ಕಡೆಯ ಪ್ಲಗ್‌ನಲ್ಲಿ ಕಂದು ತಂತಿ ಪಿನ್‌ವರೆಗೆ ತಲುಪಿರಲಿಲ್ಲ. ಪಾರದರ್ಶಕ ಪ್ಲಗ್‌ನ ತುದಿಯಿಂದ ನೋಡಿದರೆ ಏಳು ಹೊಳೆಯುವ ಚುಕ್ಕಿ, ಎಂಟನೆಯ ಜಾಗ ಖಾಲಿ. ಎರಡೂ ತುದಿ ಹೊಸದಾಗಿ ಕ್ರಿಂಪ್ ಮಾಡಿದೆ. ಈಥ್‌ಟೂಲ್ 1000 ಫುಲ್ ಹೇಳುತ್ತಿದೆ. ಆದರೆ ಕಾಪಿ 35-40 ಎಂಬಿ ಮಾತ್ರ. ಸರ್ವರ್‌ನಿಂದ ಪಿಸಿಗೆ ತಂದರೆ 110 ಬರುತ್ತದೆ, ಹಾಕುವಾಗ ಮಾತ್ರ ನಿಧಾನ.

ಪ್ಯಾಕೆಟ್‌ಪತ್ತೆ:
ಈಗ ಡಿಸ್ಕನ್ನೂ ಸಾಂಬಾವನ್ನೂ ಬದಿಗಿಟ್ಟು ಬರೀ ನೆಟ್‌ವರ್ಕ್ ಅಳೆಯಿರಿ. ಸರ್ವರ್‌ನಲ್ಲಿ ಐಪರ್ಫ್3 (ನೆಟ್‌ವರ್ಕ್ ವೇಗ ಅಳೆಯುವ ಉಪಕರಣ) ಅನ್ನು ಸರ್ವರ್ ಆಗಿ ಓಡಿಸಿ, ಉಬುಂಟು ಲ್ಯಾಪ್‌ಟಾಪ್‌ನಿಂದ 10 ಸೆಕೆಂಡ್ ಕಳಿಸಿ. ಮತ್ತೆ ದೊಡ್ಡಕ್ಷರದ ಆರ್ ಆಯ್ಕೆ ಕೊಟ್ಟು ತಿರುಗುಮುರುಗಾಗಿ ಓಡಿಸಿ. ಲ್ಯಾಪ್‌ಟಾಪ್ ಕೇಬಲ್‌ನಲ್ಲೇ ಇರಲಿ, ವೈಫೈ ಆಫ್ ಮಾಡಿ. ಲಿನಕ್ಸ್‌ನಿಂದಲೇ ಮಾಡಿ ಎನ್ನುವುದಕ್ಕೆ ಕಾರಣವಿದೆ: ಎಷ್ಟು ಪ್ಯಾಕೆಟ್ ಮರುರವಾನೆ ಆಯಿತು ಎಂಬ ಅಂಕಣ ಅಲ್ಲಿ ಸಿಗುತ್ತದೆ.

ಓಡಿಸುವ ಮೊದಲೊಮ್ಮೆ, ಆದ ಮೇಲೊಮ್ಮೆ ಸರ್ವರ್‌ನಲ್ಲಿ ಈಥ್‌ಟೂಲ್‌ಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟು ಸಿಆರ್‌ಸಿ ದೋಷದ ಕೌಂಟರ್ ಬರೆದಿಟ್ಟುಕೊಳ್ಳಿ. ಕೌಂಟರ್ ಎಷ್ಟಿದೆ ಎನ್ನುವುದಕ್ಕಿಂತ ಈ 10 ಸೆಕೆಂಡಿನಲ್ಲಿ ಎಷ್ಟು ಏರಿತು ಎನ್ನುವುದು ಮುಖ್ಯ.

ಫೋಟೊಸರ್ವರ್:
ಸರ್ವರ್‌ನಿಂದ ಲ್ಯಾಪ್‌ಟಾಪ್‌ಗೆ 938 ಮೆಗಾಬಿಟ್, ಮರುರವಾನೆ 3. ಲ್ಯಾಪ್‌ಟಾಪ್‌ನಿಂದ ಸರ್ವರ್‌ಗೆ 310 ಮೆಗಾಬಿಟ್, ಮರುರವಾನೆ 2613. ಅಷ್ಟರಲ್ಲಿ ಸರ್ವರ್‌ನ ಸಿಆರ್‌ಸಿ ಕೌಂಟರ್ 2598 ಏರಿದೆ.

ಪ್ಯಾಕೆಟ್‌ಪತ್ತೆ:
ಎರಡು ಅಂಕಿಯೂ ಹತ್ತಿರ ಹತ್ತಿರ ಒಂದೇ. ಕಳೆದುಹೋಗುತ್ತಿರುವ ಪ್ಯಾಕೆಟ್‌ಗಳು ಸ್ವಿಚ್‌ನಲ್ಲಿ ಬೀಳುತ್ತಿಲ್ಲ, ಸರ್ವರ್‌ವರೆಗೆ ಬಂದು ಕೆಟ್ಟಿವೆ ಎಂದು ತಿರಸ್ಕಾರವಾಗುತ್ತಿವೆ. 310 ಮೆಗಾಬಿಟ್‌ನಂತೆ 10 ಸೆಕೆಂಡಿಗೆ ಸುಮಾರು 2.67 ಲಕ್ಷ ಪ್ಯಾಕೆಟ್. ಅದರಲ್ಲಿ 2600 ಅಂದರೆ ನೂರಕ್ಕೆ ಒಂದು. ನೂರಕ್ಕೆ ಒಂದು ಹೋದರೆ ವೇಗವೂ ನೂರಕ್ಕೆ ಒಂದರಷ್ಟೇ ಇಳಿಯುತ್ತದೆ ಎಂದುಕೊಳ್ಳುವುದೇ ತಪ್ಪು. ಪ್ಯಾಕೆಟ್ ಹೋದದ್ದನ್ನು ಟಿಸಿಪಿ (ಪ್ಯಾಕೆಟ್ ರವಾನೆ ನೋಡಿಕೊಳ್ಳುವ ವ್ಯವಸ್ಥೆ) ‘ದಾರಿ ತುಂಬಿದೆ’ ಎಂದು ಓದಿ, ಕಳಿಸುವ ಪ್ರಮಾಣವನ್ನೇ ಕಡಿತಗೊಳಿಸುತ್ತದೆ. ಅಂದಾಜಿನ ಸೂತ್ರ ಇದು: ಪ್ಯಾಕೆಟ್ ಗಾತ್ರವನ್ನು ಹೋಗಿ-ಬರುವ ಸಮಯದಿಂದ ಭಾಗಿಸಿ, 1.22ರಿಂದ ಗುಣಿಸಿ, ನಷ್ಟದ ಪ್ರಮಾಣದ ವರ್ಗಮೂಲದಿಂದ ಭಾಗಿಸಿ. 1460 ಬೈಟ್, 0.5 ಮಿಲಿಸೆಕೆಂಡ್, ಶೇಕಡಾ 1 ಹಾಕಿ ನೋಡಿ, 285 ಮೆಗಾಬಿಟ್ ಬರುತ್ತದೆ. ನಿಮಗೆ ಬಂದದ್ದು 310. ಇದೇ ಶೇಕಡಾ 1 ನಷ್ಟ 25 ಮಿಲಿಸೆಕೆಂಡ್ ದೂರದ ಊರಿಗಾಗಿದ್ದರೆ 6 ಮೆಗಾಬಿಟ್ ಕೂಡ ಸಿಗುತ್ತಿರಲಿಲ್ಲ.

ಅಳತೆಯ ಕೆಲಸ ಇಲ್ಲಿಗೆ ಸಾಕು. ತಂತಿಜಾಡು ಅವರು ಮುಂದುವರಿಸಲಿ.

ತಂತಿಜಾಡು:
ಕೇಬಲ್ ಎಷ್ಟು ಮೀಟರ್? ಯಾವುದರ ಜೊತೆ ಹೋಗಿದೆ? ಕತ್ತರಿಸಿದ ತುಂಡು ಉಳಿದಿದ್ದರೆ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಿಯ ಬಣ್ಣ ಕಂಡರೆ ಸಿಸಿಎ, ಅಂದರೆ ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ.

ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತ. ಒಂದು ತುದಿಯಲ್ಲಿ ಒಂದೇ ಜೋಡಿಯ ಎರಡು ತಂತಿ ಸೇರಿಸಿ ಗಂಟು ಹಾಕಿ, ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. ಮೀಟರಿನ ಎರಡು ಕಡ್ಡಿ ತಾಗಿಸಿದಾಗ ಬರುವ ಅಂಕಿಯನ್ನು ಕಳೆಯಿರಿ. ಎರಡೂ ತುದಿ ಸ್ವಿಚ್‌ನಿಂದ, ಸರ್ವರ್‌ನಿಂದ ಬಿಚ್ಚಿರಬೇಕು.

ಫೋಟೊಸರ್ವರ್:
26 ಮೀಟರ್. ಮೀಟರ್ 7.4 ಓಮ್ ತೋರಿಸಿತು. ಕೆರೆದರೆ ಬೆಳ್ಳಿ ಬಣ್ಣ. ಸಿಪ್ಪೆಯ ಮೇಲೆ ಕ್ಯಾಟ್6 ಎಂದೇ ಬರೆದಿದೆ. ಹೋಗಿರುವುದು ಎಸಿಯ ಪವರ್ ವೈರ್ ಇರುವ ಪ್ಲಾಸ್ಟಿಕ್ ಕೇಸಿಂಗ್‌ನಲ್ಲೇ, ಸುಮಾರು 14 ಮೀಟರ್ ಒಟ್ಟಿಗೆ.

ತಂತಿಜಾಡು:
26 ಮೀಟರ್ ತಾಮ್ರಕ್ಕೆ ದಪ್ಪ ನೋಡಿಕೊಂಡು 3.5ರಿಂದ 4.9 ಓಮ್ ಬರಬೇಕು. 7.4 ಅಂದರೆ ಅಲ್ಯೂಮಿನಿಯಂ, ಅನುಮಾನವೇ ಇಲ್ಲ. ಸಿಪ್ಪೆಯ ಮೇಲೆ ಏನು ಬರೆದಿದ್ದರೂ ಸಿಸಿಎ ತಂತಿಗೆ ಕ್ಯಾಟ್6 ಮಾನ್ಯತೆ ಇಲ್ಲ, ಘನ ತಾಮ್ರ ಇರಲೇಬೇಕು. ಇಂಥದ್ದನ್ನು ಕ್ಯಾಟ್6 ಎಂದು ಮಾರುವುದು ಗಿರಾಕಿಗೆ ಮಾಡುವ ಮೋಸ. ಮುಂದೆ ಕ್ಯಾಮೆರಾಗೆ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್) ಕೊಡುವ ಯೋಚನೆ ಇದ್ದರಂತೂ ಸಿಸಿಎ ಬೇಡವೇ ಬೇಡ, ವಿದ್ಯುತ್ ಹರಿದು ತಂತಿ ಬಿಸಿಯಾಗುತ್ತದೆ.

ಪವರ್ ವೈರ್ ಜೊತೆ ಒಂದೇ ಕೇಸಿಂಗ್ ಇನ್ನೊಂದು ತಪ್ಪು. ವೇಗದ ಮಾತು ಹಾಗಿರಲಿ, 230 ವೋಲ್ಟ್ ತಂತಿಯ ಸಿಪ್ಪೆ ಕೆಟ್ಟರೆ ಕರೆಂಟ್ ಸ್ವಿಚ್‌ಗೂ ಸರ್ವರ್‌ಗೂ ಬರುತ್ತದೆ. ಬೇರೆ ಕೇಸಿಂಗ್, ನಡುವೆ 20 ಸೆಂಟಿಮೀಟರ್ ಅಂತರ. ಪವರ್ ವೈರನ್ನು ದಾಟಲೇಬೇಕಾದ ಕಡೆ ನೇರ ಅಡ್ಡಲಾಗಿ ದಾಟಿಸಿ. ತಿರುವಿನಲ್ಲಿ ಮಡಚಬೇಡಿ, ಕೇಬಲ್ ದಪ್ಪದ ನಾಲ್ಕು ಪಟ್ಟು ತ್ರಿಜ್ಯದ ಬಾಗು ಇರಲಿ. ಕೊಳ್ಳುವಾಗ ಅಂಗಡಿಯಲ್ಲೇ ಬ್ಲೇಡ್ ಹಿಡಿದು ಕೆರೆದು ನೋಡಿ. ಡಬ್ಬಿ ಎತ್ತಿ ನೋಡಿದರೂ ಅಂದಾಜು ಸಿಗುತ್ತದೆ, ಅದೇ 305 ಮೀಟರ್‌ಗೆ ಅಲ್ಯೂಮಿನಿಯಂ ಕೈಗೆ ಹಗುರ.

ಫೋಟೊಸರ್ವರ್:
ಹೊಸ ತಾಮ್ರದ ಕೇಬಲ್ ಬೇರೆ ದಾರಿಯಲ್ಲಿ ಎಳೆಸಿದೆ, 31 ಮೀಟರ್ ಆಯಿತು. ಐಪರ್ಫ್3 ಎರಡೂ ಕಡೆ 941, ಮರುರವಾನೆ 0, ಸಿಆರ್‌ಸಿ ಏರಿಲ್ಲ. ಕಾಪಿ 112ರಲ್ಲಿ ಶುರುವಾಗುತ್ತದೆ. ಆದರೆ 25-30 ಸೆಕೆಂಡ್ ಆದ ಮೇಲೆ ದಿಢೀರ್ ಅಂತ 24ಕ್ಕೆ ಬಿದ್ದು ಅಲ್ಲೇ ನಿಲ್ಲುತ್ತದೆ.

ಡಿಸ್ಕ್‌ಕಪಾಟು:
ಇದು ಇನ್ನು ನೆಟ್‌ವರ್ಕ್ ಅಲ್ಲ, ಡಿಸ್ಕ್. ಆ 25-30 ಸೆಕೆಂಡೇ ಸಾಕ್ಷಿ.

ಬಂದ ಡೇಟಾವನ್ನು ಲಿನಕ್ಸ್ ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಂಡು ಹಿಂದಿನಿಂದ ಡಿಸ್ಕಿಗೆ ಬರೆಯುತ್ತದೆ. ಬರೆಯದೆ ಉಳಿದದ್ದು ಲಭ್ಯ ಮೆಮೊರಿಯ ಶೇಕಡಾ 10 ಮುಟ್ಟಿದಾಗ ಬರೆಯುವ ಕೆಲಸ ಚುರುಕಾಗುತ್ತದೆ. ಶೇಕಡಾ 20ರ ಹತ್ತಿರ ಬರುವಾಗ ಕಳಿಸುವವರನ್ನೇ ತಡೆಯಲು ಶುರುಮಾಡುತ್ತದೆ. ನಿಮ್ಮ 16 ಜಿಬಿಯಲ್ಲಿ ಸುಮಾರು 14 ಲಭ್ಯ ಎಂದುಕೊಳ್ಳಿ. ತಡೆ ಶುರುವಾಗುವುದು 2ರಿಂದ 2.8 ಜಿಬಿ ನಡುವೆ. ಒಳಗೆ 112 ಬರುತ್ತಿದೆ, ಡಿಸ್ಕಿಗೆ 24 ಇಳಿಯುತ್ತಿದೆ, ಸೆಕೆಂಡಿಗೆ 88 ಎಂಬಿ ಶೇಖರಣೆ. ಭಾಗಿಸಿದರೆ 25-30 ಸೆಕೆಂಡ್. ಆಮೇಲೆ ಕಾಣುವ 24 ನಿಮ್ಮ ಡಿಸ್ಕಿನ ನಿಜವಾದ ವೇಗ. ಆ ಶೇಕಡಾ 20 ಅನ್ನು 60 ಮಾಡಿ ಎನ್ನುವವರ ಮಾತು ಕೇಳಬೇಡಿ. ಬೀಳುವುದು ತಡವಾಗುತ್ತದೆ, ಆದರೆ ಕರೆಂಟ್ ಹೋದರೆ ಕಳೆದುಕೊಳ್ಳುವ ಡೇಟಾ ಮೂರು ಪಟ್ಟಾಗುತ್ತದೆ.

ಸರ್ವರ್‌ನಲ್ಲೇ ಎಫ್‌ಐಒ (ಡಿಸ್ಕ್ ವೇಗ ಅಳೆಯುವ ಉಪಕರಣ) ಓಡಿಸಿ: ಸಾಲಾಗಿ ಬರೆಯುವುದು, ಬ್ಲಾಕ್ 1 ಎಂಬಿ, ಗಾತ್ರ 8 ಜಿಬಿ, ಡೈರೆಕ್ಟ್ 1. ಡೈರೆಕ್ಟ್ ಕೊಡದಿದ್ದರೆ ರ‍್ಯಾಮ್ ವೇಗ ಅಳೆದಂತಾಗುತ್ತದೆ. ಹೊಸ ಫೈಲ್ ಹೆಸರು ಕೊಡಿ. ಅಪ್ಪಿತಪ್ಪಿಯೂ ಡಿಸ್ಕಿನ ಡಿವೈಸ್ ಹೆಸರು ಕೊಡಬೇಡಿ, ಡೇಟಾ ಅಳಿಸಿಹೋಗುತ್ತದೆ. ಹಾಗೇ ರೇಡ್ ಕಾರ್ಡ್‌ನ ಉಪಕರಣದಲ್ಲಿ ಕ್ಯಾಶ್ ಪಾಲಿಸಿ ಮತ್ತು ಬ್ಯಾಟರಿ ಸ್ಥಿತಿ ನೋಡಿ.

ಫೋಟೊಸರ್ವರ್:
ಎಫ್‌ಐಒ ಬರಹ 24, ಓದು 380. ಕ್ಯಾಶ್ ಪಾಲಿಸಿ ರೈಟ್-ಥ್ರೂ. ಬ್ಯಾಟರಿ ಫೇಲ್ಡ್.

ಡಿಸ್ಕ್‌ಕಪಾಟು:
ಕರೆಂಟ್ ಹೋದಾಗ ಕಾರ್ಡಿನ ಕ್ಯಾಶ್ (ತಾತ್ಕಾಲಿಕ ಮೆಮೊರಿ) ಕಾಯುವುದು ಈ ಬ್ಯಾಟರಿ. ಅದು ಸತ್ತಾಗ ಕಾರ್ಡ್ ತನ್ನ ಕ್ಯಾಶನ್ನು ಬಿಟ್ಟು ಪ್ರತಿ ಬರಹವನ್ನೂ ಡಿಸ್ಕಿಗೆ ಮುಟ್ಟಿಸಿಯೇ ‘ಆಯಿತು’ ಎನ್ನುತ್ತದೆ. ಇದೇ ರೈಟ್-ಥ್ರೂ. ರೇಡ್ 5ರಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಸ್ಟ್ರೈಪಿನ (ಎಲ್ಲಾ ಡಿಸ್ಕ್‌ಗೂ ಹಂಚಿದ ಒಂದು ಪಟ್ಟಿ) ಒಂದು ಭಾಗ ಬದಲಾದರೂ ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ (ಕಳೆದ ಡೇಟಾ ಮರಳಿ ಕಟ್ಟಲು ಇಡುವ ಅಂಕಿ) ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ, ಹೀಗೆ ನಾಲ್ಕು ಕೆಲಸ. ಕ್ಯಾಶ್ ಇದ್ದರೆ ಇಡೀ ಸ್ಟ್ರೈಪ್ ಒಟ್ಟಾಗುವವರೆಗೆ ಕಾದು ಒಂದೇ ಸಲ ಬರೆಯುತ್ತಿತ್ತು.

ಬ್ಯಾಟರಿ ಬದಲಿಸಿ. ಬ್ಯಾಟರಿ ಇಲ್ಲದೆಯೂ ರೈಟ್-ಬ್ಯಾಕ್ (ಕ್ಯಾಶ್‌ಗೆ ಬಂದ ಕೂಡಲೇ ‘ಆಯಿತು’ ಎನ್ನುವುದು) ಮಾಡುವ ಆಯ್ಕೆ ಕಾರ್ಡ್‌ನಲ್ಲಿ ಕಾಣುತ್ತದೆ, ಅದಕ್ಕೆ ಕೈ ಹಾಕಬೇಡಿ. ಯುಪಿಎಸ್ ಇದ್ದರೂ ಬೇಡ. ಸರ್ವರ್‌ನ ಪವರ್ ಸಪ್ಲೈ ಸುಟ್ಟರೆ ಯುಪಿಎಸ್ ಏನು ಮಾಡೀತು? ಹೊಸ ಬ್ಯಾಟರಿ ಹಾಕಿದ ಕೂಡಲೇ ವೇಗ ಬರುವುದಿಲ್ಲ, ಚಾರ್ಜ್ ಆಗಿ ಪರೀಕ್ಷೆ ಮುಗಿಯುವ ಕೆಲವು ಗಂಟೆ ರೈಟ್-ಥ್ರೂ ಆಗಿಯೇ ಇರುತ್ತದೆ. ಗಾಬರಿಯಾಗಬೇಡಿ.

ಇದನ್ನು ಓದುವ ಬೇರೆಯವರಿಗೆ: ರೇಡ್ ಕಾರ್ಡ್ ಇಲ್ಲದೆ ಇದೇ ಲಕ್ಷಣ ಕಂಡರೆ ಡಿಸ್ಕ್ ಎಸ್‌ಎಂಆರ್ ಮಾದರಿಯೇ ನೋಡಿ. ಅದರಲ್ಲಿ ಟ್ರ್ಯಾಕ್‌ಗಳು ಹೆಂಚಿನಂತೆ ಒಂದರ ಮೇಲೊಂದು ಒತ್ತಿರುತ್ತವೆ, ಒಂದನ್ನು ಬದಲಿಸಲು ಪಕ್ಕದವನ್ನೂ ಬರೆಯಬೇಕು. ರೇಡ್‌ಗೆ ಅದು ತಕ್ಕದ್ದಲ್ಲ.

ಹತ್ತುಗಿಗಾ:
ನಡುವೆ ಬಂದೆ, ಕ್ಷಮಿಸಿ. 10 ಗಿಗಾಬಿಟ್ ಕಾರ್ಡ್, ಲಿಂಕ್ 10000 ಎಂದೇ ಇದೆ. ಐಪರ್ಫ್3 ಮಾತ್ರ 3.3 ಗಿಗಾಬಿಟ್, ಮರುರವಾನೆ ಇಲ್ಲ. ಜಂಬೊ ಫ್ರೇಮ್ (1500 ಬೈಟಿನ ಬದಲು ದೊಡ್ಡ ಪ್ಯಾಕೆಟ್) 9000 ಮಾಡಿದೆ, ವ್ಯತ್ಯಾಸವಿಲ್ಲ.

ಪ್ಯಾಕೆಟ್‌ಪತ್ತೆ:
3.2-3.4 ಕಂಡರೆ ಪಿಸಿಐ ಎಕ್ಸ್‌ಪ್ರೆಸ್ 2.0ರ (ಕಾರ್ಡ್ ಕೂರುವ ಸ್ಲಾಟ್) ಒಂದೇ ಲೇನ್, ಅಂದರೆ ಡೇಟಾ ಹೋಗುವ ಒಂದೇ ದಾರಿ. ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ಎರಡು ವಿ ಕೊಟ್ಟು ಆ ಕಾರ್ಡ್‌ನ ಲಿಂಕ್ ಸ್ಟೇಟಸ್ ಸಾಲು ನೋಡಿ, 5 ಜಿಟಿ, ಎಕ್ಸ್1 ಎಂದಿರುತ್ತದೆ. ಬೋರ್ಡಿನಲ್ಲಿ ಉದ್ದ ಸ್ಲಾಟ್ ಕಂಡರೂ ಒಳಗೆ ಒಂದೇ ಲೇನ್ ಜೋಡಿಸಿರುವುದುಂಟು. ಬೇರೆ ಸ್ಲಾಟ್‌ಗೆ ಹಾಕಿ.

ಜಂಬೊ ಫ್ರೇಮ್ ವಾಪಸ್ 1500 ಮಾಡಿ. ದಾರಿಯಲ್ಲಿ ಒಂದು ಸಾಧನ 9000 ಒಪ್ಪದಿದ್ದರೆ ಲಾಗಿನ್ ಆಗುತ್ತದೆ, ಪಿಂಗ್ ಬರುತ್ತದೆ, ದೊಡ್ಡ ಫೈಲ್ ಮಾತ್ರ ಸಿಕ್ಕಿಕೊಳ್ಳುತ್ತದೆ. ಬೇಕೇ ಬೇಕಾದರೆ ಒಡೆಯಬಾರದೆಂಬ ಆಯ್ಕೆಯೊಂದಿಗೆ 8972 ಬೈಟಿನ ಪಿಂಗ್ ಹೊಡೆದು ಎಲ್ಲಾ ಸಾಧನಕ್ಕೂ ತಲುಪುತ್ತದೆಯೇ ಎಂದು ನೋಡಿದ ಮೇಲೆ.

ದೂರದಬ್ಯಾಕಪ್:
ನಮ್ಮದು ಬೆಂಗಳೂರಿನ ಸರ್ವರ್‌ನಿಂದ ಮುಂಬೈ ಡೇಟಾ ಸೆಂಟರ್‌ಗೆ ಆರ್‌ಸಿಂಕ್ (ಫೈಲ್ ನಕಲು ತಂತ್ರಾಂಶ) ಡೀಮನ್ ಬ್ಯಾಕಪ್. ಎರಡೂ ಕಡೆ 500 ಮೆಗಾಬಿಟ್ ಲೈನ್, ಪಿಂಗ್ 25 ಮಿಲಿಸೆಕೆಂಡ್, ನಷ್ಟ ಇಲ್ಲ. ಬರುವುದು 21 ಮೆಗಾಬಿಟ್. ನಾಲ್ಕು ಆರ್‌ಸಿಂಕ್ ಒಟ್ಟಿಗೆ ಓಡಿಸಿದರೆ 84.

ಪ್ಯಾಕೆಟ್‌ಪತ್ತೆ:
21 ಮೆಗಾಬಿಟ್ ಇಂಟು 25 ಮಿಲಿಸೆಕೆಂಡ್ ಮಾಡಿ ನೋಡಿ: 64 ಕೆಬಿ. ಒಂದು ಸುತ್ತಿಗೆ 64 ಕೆಬಿ ಕಳಿಸಿ ಒಪ್ಪಿಗೆಗೆ ಕಾಯುತ್ತ ಕೂರುತ್ತಿದೆ. ನಾಲ್ಕು ಓಡಿಸಿದರೆ ಸರಿಯಾಗಿ ನಾಲ್ಕು ಪಟ್ಟು ಬರುವುದರಿಂದ ಲೈನ್‌ನಲ್ಲಿ ದೋಷವಿಲ್ಲ ಎಂದೂ ಗೊತ್ತಾಯಿತು. 500 ಮೆಗಾಬಿಟ್ ತುಂಬಲು 25 ಮಿಲಿಸೆಕೆಂಡಿಗೆ 1.56 ಎಂಬಿ ದಾರಿಯಲ್ಲಿರಬೇಕು.

ಆರ್‌ಸಿಂಕ್ ಓಡುತ್ತಿರುವಾಗ ಎಸ್‌ಎಸ್ (ಕನೆಕ್ಷನ್‌ಗಳ ವಿವರ ತೋರಿಸುವ) ಕಮಾಂಡ್‌ಗೆ ಟಿ, ಐ ಆಯ್ಕೆ ಕೊಟ್ಟು ಆ ಕನೆಕ್ಷನ್ ನೋಡಿ. ವಿಂಡೋ ಸ್ಕೇಲ್ (ಒಂದು ಸುತ್ತಿಗೆ 64 ಕೆಬಿ ಮೀರಿ ಕಳಿಸಲು ಬಿಡುವ ಆಯ್ಕೆ) ಕಾಣದಿದ್ದರೆ ನಡುವಿನ ಫೈರ್‌ವಾಲ್ ಅದನ್ನು ಕಿತ್ತುಹಾಕುತ್ತಿದೆ. ಸೆಂಡ್ ಬಫರ್ ಲಿಮಿಟೆಡ್ ಎಂದಿದ್ದರೆ ಕಳಿಸುವ ಕಡೆ ಯಾರೋ ಬಫರಿಗೆ ಅಂಕಿ ಕಟ್ಟಿದ್ದಾರೆ. ರಿಸೀವ್ ವಿಂಡೋ ಲಿಮಿಟೆಡ್ ಎಂದಿದ್ದರೆ ಮುಂಬೈ ಕಡೆ ನೋಡಿ.

ದೂರದಬ್ಯಾಕಪ್:
ವಿಂಡೋ ಸ್ಕೇಲ್ 7,7 ಇದೆ. ಸೆಂಡ್ ಬಫರ್ ಲಿಮಿಟೆಡ್ ಶೇಕಡಾ 96. ಆರ್‌ಸಿಂಕ್ ಕಾನ್ಫಿಗ್‌ನಲ್ಲಿ ಸಾಕೆಟ್ ಆಪ್ಷನ್ಸ್ ಸಾಲು ಸಿಕ್ಕಿತು, 65536. ಅಳಿಸಿದೆ. ಒಂದೇ ಕನೆಕ್ಷನ್ 430 ಮೆಗಾಬಿಟ್ ಮುಟ್ಟಿತು. ಮೇಲೆ ಫೋಟೊಸರ್ವರ್ ಅವರು ಹಾಕಿದ್ದ ಸಾಲಿನದೇ ತೊಂದರೆ.

ಫೋಟೊಸರ್ವರ್:
ಬ್ಯಾಟರಿ ಹಾಕಿಸಿ ಒಂದು ದಿನ ಆಯಿತು. ರೈಟ್-ಬ್ಯಾಕ್ ಬಂದಿದೆ. 60 ಜಿಬಿ ವಿಡಿಯೊ ಮೊದಲಿನಿಂದ ಕೊನೆವರೆಗೆ 110-112. ಉಳಿದದ್ದು ಒಂದೇ: 18,000 ಸಣ್ಣ ಫೋಟೊ ಇರುವ ಫೋಲ್ಡರ್ ಕಾಪಿ ಮಾಡಿದರೆ 12-13 ಎಂಬಿ. ಪ್ರತಿ ಫೋಟೊ ಸುಮಾರು 200 ಕೆಬಿ.

ಡಿಸ್ಕ್‌ಕಪಾಟು:
ಇದು ದೋಷವಲ್ಲ. ಪ್ರತಿ ಫೈಲಿಗೂ ತೆರೆ, ಬರೆ, ದಿನಾಂಕ ಹಾಕು, ಮುಚ್ಚು ಎಂದು ಹಲವು ಸಲ ಹೋಗಿ ಬರಬೇಕು. ಜೊತೆಗೆ ಪಿಸಿಯ ಆ್ಯಂಟಿವೈರಸ್ ಪ್ರತಿಯೊಂದನ್ನೂ ಓದುತ್ತದೆ. ಫೈಲಿಗೆ 15 ಮಿಲಿಸೆಕೆಂಡ್ ಹಿಡಿದರೆ 200 ಕೆಬಿಗೆ ಸೆಕೆಂಡಿಗೆ 13 ಎಂಬಿ ಲೆಕ್ಕ ಬಂತು. ಎಕ್ಸ್‌ಪ್ಲೋರರ್ ಒಂದೊಂದಾಗಿ ಕಳಿಸುತ್ತದೆ, ವಿಂಡೋಸ್‌ನ ಕಾಪಿ ಕಮಾಂಡ್ ರೋಬೊಕಾಪಿಗೆ /ಎಂಟಿ:16 ಕೊಟ್ಟರೆ ಹದಿನಾರು ಒಟ್ಟಿಗೆ ಹೋಗುತ್ತವೆ. ಒಂದೇ ಫೋಲ್ಡರ್‌ನಲ್ಲಿ ಲಕ್ಷ ಫೈಲ್ ಸೇರಲು ಬಿಡಬೇಡಿ, ದಿನಾಂಕವಾರು ಒಡೆಯಿರಿ. ವಿಂಡೋಸ್‌ಗೆ ದೊಡ್ಡಕ್ಷರ-ಸಣ್ಣಕ್ಷರ ಎರಡೂ ಒಂದೇ ಆದ್ದರಿಂದ, ಹೊಸ ಹೆಸರು ಮೊದಲೇ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಸಾಂಬಾ ಇಡೀ ಫೋಲ್ಡರ್ ಹುಡುಕಬೇಕಾಗುತ್ತದೆ.

ಫೋಟೊಸರ್ವರ್:
ರೋಬೊಕಾಪಿ 16ರಲ್ಲಿ 71 ಎಂಬಿ. 32 ಕೊಟ್ಟರೆ 73, ಹಾಗಾಗಿ 16ಕ್ಕೇ ಬಿಟ್ಟೆ. ಸಿಆರ್‌ಸಿ ಕೌಂಟರ್ ಮತ್ತು ರೇಡ್ ಬ್ಯಾಟರಿ ಸ್ಥಿತಿಯನ್ನು ದಿನಾ ಬೆಳಿಗ್ಗೆ 7ಕ್ಕೆ ಮೇಲ್ ಮಾಡುವ ಕ್ರಾನ್ (ಸಮಯಕ್ಕೆ ತಾನೇ ಓಡುವ ಕೆಲಸ) ಹಾಕಿದ್ದೇನೆ. ಹಳೆಯ ಸಿಸಿಎ ಕೇಬಲ್ ಇನ್ನೂ ಮೂರು ಪಿಸಿಗಳಿಗೆ ಹೋಗಿದೆ, ಈ ಭಾನುವಾರ ಅದನ್ನೂ ತೆಗೆಸುತ್ತೇನೆ. ತಂತಿಜಾಡು ಸರ್, ಪ್ಯಾಕೆಟ್‌ಪತ್ತೆ ಸರ್, ಡಿಸ್ಕ್‌ಕಪಾಟು ಅವರೇ, ಮೂವರಿಗೂ ಧನ್ಯವಾದ.

ತಂತಿಜಾಡು:
ಆ ಮೂರು ಎಳೆಸುವಾಗ ಪ್ರತಿ ಕೇಬಲ್‌ನ ಎರಡೂ ತುದಿಗೆ ಒಂದೇ ನಂಬರ್ ಚೀಟಿ ಅಂಟಿಸಿ. ಪ್ಲಗ್‌ನಿಂದ ಒಂದು ಗೇಣು ಹಿಂದಕ್ಕೆ ಅಂಟಿಸಿ, ಮುಂದೆ ಪ್ಲಗ್ ಕತ್ತರಿಸಬೇಕಾಗಿ ಬಂದರೂ ಚೀಟಿ ಉಳಿಯುತ್ತದೆ.